‘ವೈಶಿಷ್ಟ್ಯ’ ಬರೆಯಬಲ್ಲ ನಿಬ್ಬು

(ಇಂಕ್ ಪೆನ್ನು ಇಷ್ಟಪಡುವವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಜೇಬಿನಲ್ಲೋ ಬ್ಯಾಗಿನಲ್ಲೋ ಇರುವ ಇಂಕ್ ಪೆನ್ನು ತೆಗೆಯಿರಿ. ಕೈಗೆ ಸಿಕ್ಕ ಕಾಗದದ ಮೇಲೆ ನಾಲ್ಕು ಪದ ಬರೆಯಿರಿ: ವೈಶಿಷ್ಟ್ಯ, ಸ್ವಾತಂತ್ರ್ಯ, ಲಕ್ಷ್ಮಿ, ರಾಷ್ಟ್ರ. ದಿನಾ ಬರೆಯುವ ಗಾತ್ರದಲ್ಲೇ ಬರೆಯಿರಿ, ದಿನಾ ಬರೆಯುವ ವೇಗದಲ್ಲೇ. ಚಂದ ಮಾಡೋಕೆ ಹೋಗಬೇಡಿ.

ಈಗ ಬರೆದದ್ದನ್ನು ನೋಡಿ. ‘ಷ’ದ ಹೊಟ್ಟೆಯೊಳಗಿನ ಗೆರೆ ಬೇರೆಯಾಗಿ ಕಾಣುತ್ತಿದೆಯಾ? ‘ಟ’ ಒತ್ತಿನ ಒಳಗೆ ಬಿಳಿ ಉಳಿದಿದೆಯಾ, ಇಲ್ಲ ಶಾಯಿ ತುಂಬಿಕೊಂಡು ಒಂದು ಚುಕ್ಕೆಯ ಹಾಗೆ ಆಗಿದೆಯಾ? ‘ಸ್ವಾತಂತ್ರ್ಯ’ದ ಕೊನೆಯ ಅಕ್ಷರದಲ್ಲಿ ರ ಒತ್ತು ಎಲ್ಲಿ ಮುಗಿದು ಯ ಒತ್ತು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಾ? ಈ ಕಾಗದವನ್ನು ಇಟ್ಟುಕೊಂಡಿರಿ. ಇವತ್ತು ನಾನು ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ನಮ್ಮಲ್ಲಿ ತುಂಬ ಜನ ಇತ್ತೀಚೆಗೆ ಕೈಯಿಂದ ಮಾಡಿದ ಎಬೊನೈಟ್ ಪೆನ್ನು, ಅಂದರೆ ಗಟ್ಟಿ ರಬ್ಬರಿನ ಪೆನ್ನು ಕೊಂಡಿದ್ದೀರಿ, ಅಥವಾ ಕೊಳ್ಳಬೇಕು ಅಂತಿದ್ದೀರಿ. ಮಾಡಿಕೊಡುವವರು ಮೊದಲು ಬಣ್ಣ ಕೇಳುತ್ತಾರೆ, ಆಕಾರ ಕೇಳುತ್ತಾರೆ. ಅಲ್ಲಿಯವರೆಗೆ ಖುಷಿ. ಆಮೇಲೆ ಬರುವ ಪ್ರಶ್ನೆಗೆ ಎಲ್ಲರೂ ತಡವರಿಸುತ್ತಾರೆ. ‘ನಿಬ್ಬು ಯಾವುದು ಹಾಕಲಿ? ನಮ್ಮ ಮಾಮೂಲಿ ನಿಬ್ಬೇ ಇರಲಾ, ಜರ್ಮನ್ ನಿಬ್ಬು ಹಾಕಲಾ? ಉಕ್ಕಾ, ಟೈಟಾನಿಯಮ್ಮಾ, ಚಿನ್ನವಾ? ತೆಳು ಗೆರೆಯ ಫೈನಾ, ಅದಕ್ಕಿಂತ ದಪ್ಪ ಗೆರೆಯ ಮೀಡಿಯಮ್ಮಾ?’ ದುಡ್ಡು ಸ್ವಲ್ಪ ಜಾಸ್ತಿ ಇದ್ದವರು ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯದಕ್ಕೆ ಕೈ ತೋರಿಸುತ್ತಾರೆ. ಇಲ್ಲದವರು ಇರುವುದರಲ್ಲೇ ಸಮಾಧಾನ ಮಾಡಿಕೊಳ್ಳುತ್ತಾರೆ. ಇಬ್ಬರೂ ತಮ್ಮ ಅಕ್ಷರವನ್ನು ನೋಡಿ ನಿರ್ಧಾರ ಮಾಡಿರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ನಾವು ಬರೆಯುವುದು ಕನ್ನಡ. ನಿಬ್ಬನ್ನು ಆರಿಸಬೇಕಾದದ್ದು ಕನ್ನಡ ಅಕ್ಷರ.

ಮೊದಲು ಈ ಪೆನ್ನುಗಳ ಬಗ್ಗೆ ಎರಡು ಮಾತು. ರಾಜಮಂಡ್ರಿಯಲ್ಲಿ ಕೆ.ವಿ. ರತ್ನಂ ಅವರು 1932ರ ಹೊತ್ತಿಗೆ ಪೆನ್ನು ಮಾಡಲು ಶುರು ಮಾಡಿದರು. ಸ್ವದೇಶಿ ಚಳವಳಿಯ ಕಾಲ ಅದು. 1935ರಲ್ಲಿ ಗಾಂಧೀಜಿ ಅವರಿಗೆ ಒಂದು ಪತ್ರ ಬರೆದರು. ಬಜಾರಿನಲ್ಲಿ ಸಿಗುವ ವಿದೇಶಿ ಪೆನ್ನುಗಳ ಜಾಗದಲ್ಲಿ ಇದನ್ನು ಬಳಸಬಹುದು ಎನ್ನುವುದು ಆ ಪತ್ರದ ತಿರುಳು. ಅದೇ ಊರಿನಲ್ಲಿ ಗೈಡರ್ ಪೆನ್ನು ಇದೆ. ಹೈದರಾಬಾದಿನಲ್ಲಿ ಡೆಕ್ಕನ್, ಚೆನ್ನೈನಲ್ಲಿ ಗಾಮಾ ಮತ್ತು ಆಸಾ, ಅಲ್ಲೇ ಹತ್ತಿರದ ತಿರುವಳ್ಳೂರಿನಲ್ಲಿ ರಂಗಾ. ಎಲ್ಲ ಕಡೆಯೂ ಕೆಲಸ ಹೆಚ್ಚುಕಡಿಮೆ ಒಂದೇ. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ಎಬೊನೈಟ್ ಸರಳನ್ನು ಲೇತಿನ ಮೇಲೆ ತಿರುಗಿಸಿ, ಉಳಿ ಹಿಡಿದು ಕಡೆದು, ಥ್ರೆಡ್ ಕೊರೆದು, ಉಜ್ಜಿ ಹೊಳಪು ಕೊಡುತ್ತಾರೆ. ಹೊಸ ಪೆನ್ನಿನ ಕ್ಯಾಪ್ ತೆಗೆದಾಗ ಬರುವ ಆ ವಾಸನೆ ಇದೆಯಲ್ಲ, ಅದು ಗಂಧಕದ್ದು.

ಇಲ್ಲಿ ನೆನಪಿಡಬೇಕಾದ ಒಂದು ವಿಷಯ ಇದೆ. ನಾವು ಬೆರಳಲ್ಲಿ ಹಿಡಿಯುವ ಭಾಗಕ್ಕೆ ಸೆಕ್ಷನ್ ಅನ್ನುತ್ತಾರೆ. ಅದರ ಒಳಗೆ ಎಷ್ಟು ಅಗಲದ ತೂತು ಕೊರೆಯುತ್ತಾರೋ ಅಲ್ಲಿಗೆ ನಿಬ್ಬಿನ ನಿರ್ಧಾರ ಮುಗಿದುಹೋಗುತ್ತದೆ. ಆಮೇಲೆ ಮನಸ್ಸು ಬದಲಾದರೆ ಪೆನ್ನು ಬದಲಾಗುವುದಿಲ್ಲ. ಹಾಗಾಗಿ ನಿಬ್ಬಿನ ಯೋಚನೆ ಆರ್ಡರ್ ಕೊಡುವ ಮೊದಲೇ ಆಗಬೇಕು.

ಹಳೆಯ ಕ್ರಮದಲ್ಲಿ ನಿಬ್ಬನ್ನು ಸೆಕ್ಷನ್ನಿಗೆ ಒತ್ತಿ ಕೂರಿಸುತ್ತಾರೆ. ನಿಬ್ಬಿನ ಕೆಳಗೆ ನಾಲಿಗೆಯ ಹಾಗೆ ಇರುತ್ತದಲ್ಲ, ಅದು ಫೀಡ್. ಅದೂ ಎಬೊನೈಟಿನದೇ. ನಿಬ್ಬು, ಫೀಡ್ ಎರಡನ್ನೂ ಸೇರಿಸಿ ತೂತಿಗೆ ಬಿಗಿಯಾಗಿ ತಳ್ಳಿದರೆ ಆಯಿತು. ಎಳೆದರೆ ಈಚೆ ಬರುತ್ತದೆ. ಹೊಸ ಕ್ರಮದಲ್ಲಿ ನಿಬ್ಬು, ಫೀಡ್, ಅವನ್ನು ಹಿಡಿದಿಡುವ ಕೊಳವೆ ಮೂರೂ ಸೇರಿ ಒಂದು ಯೂನಿಟ್. ಬಲ್ಬ್ ತಿರುಗಿಸಿದ ಹಾಗೆ ತಿರುಗಿಸಿ ಕೂರಿಸಬಹುದು. ಜರ್ಮನಿಯ ಎರಡು ಹೆಸರುಗಳು ಇಲ್ಲಿ ಮತ್ತೆ ಮತ್ತೆ ಬರುತ್ತವೆ. ಬರ್ಲಿನ್ನಿನ ಯೋವೊ ಮತ್ತು ಹೈಡೆಲ್‌ಬರ್ಗಿನ ಬಾಕ್. ಜಗತ್ತಿನ ಎಷ್ಟೋ ಪೆನ್ನುಗಳ ಮೇಲೆ ಬೇರೆ ಬೇರೆ ಹೆಸರು ಕೆತ್ತಿದ್ದರೂ ನಿಬ್ಬು ಈ ಎರಡು ಕಾರ್ಖಾನೆಗಳದ್ದೇ. ನಮ್ಮಲ್ಲಿ ಕಾನ್ಪುರದ ಕ್ಯಾನ್‌ರೈಟ್ ಇದೆ, ಆಂಬಿಷಸ್ ನಿಬ್ಬುಗಳಿವೆ. ಸುಮ್ನೆ ‘ಲೋಕಲ್’ ಅಂತ ಇವನ್ನು ತಳ್ಳಿಹಾಕಬೇಡಿ. ಹಾಗೆ ಯಾಕೆ ಹೇಳುತ್ತೇನೆ ಅಂತ ಮುಂದೆ ಗೊತ್ತಾಗುತ್ತದೆ.

ಚಿನ್ನದ ಮಾತು ಮೊದಲು ಮುಗಿಸಿಬಿಡೋಣ. ನಿಮ್ಮೆಲ್ಲರ ಮನಸ್ಸಿನಲ್ಲಿ ಅದೇ ಇದೆ ಅಂತ ಗೊತ್ತು. 14 ಕ್ಯಾರೆಟ್ ನಿಬ್ಬಿನಲ್ಲಿ ನೂರಕ್ಕೆ 58.5 ಭಾಗ ಚಿನ್ನ. ಅದಕ್ಕೇ ಅದರ ಮೇಲೆ 585 ಅಂತ ಕೆತ್ತಿರುತ್ತಾರೆ. 18 ಕ್ಯಾರೆಟ್ ಆದರೆ 750. ಆದರೆ ಕಾಗದಕ್ಕೆ ತಾಗುವುದು ಚಿನ್ನ ಅಲ್ಲ. ನಿಬ್ಬಿನ ಮೊನೆಯಲ್ಲಿ ಒಂದು ಸಣ್ಣ ಗುಂಡು ಇರುತ್ತದೆ. ಬಹಳ ಗಟ್ಟಿಯಾದ ಲೋಹಗಳ ಮಿಶ್ರಣವನ್ನು ಅಲ್ಲಿ ಬೆಸೆದು, ನಡುವೆ ಸೀಳಿ, ಉಜ್ಜಿ ಆಕಾರ ಕೊಟ್ಟಿರುತ್ತಾರೆ. ಹಳೆಯ ರೂಢಿಯಿಂದ ‘ಇರಿಡಿಯಮ್ ಮೊನೆ’ ಅನ್ನುತ್ತಾರೆ. ಈಗ ಅದರಲ್ಲಿ ಇರಿಡಿಯಮ್ ಇರುವುದು ಅಪರೂಪ. ಚಿನ್ನದ ನಿಬ್ಬಿಗೂ ಒಳ್ಳೆಯ ಉಕ್ಕಿನ ನಿಬ್ಬಿಗೂ ಇಂಥದೇ ಗುಂಡು. ಹಾಗಾಗಿ ನುಣುಪು ಬರುವುದು ಆ ಗುಂಡನ್ನು ಉಜ್ಜಿದ ಕೈಯಿಂದ. ಚಿನ್ನದಿಂದ ಅಲ್ಲ.

ಹಾಗಾದರೆ ಚಿನ್ನದಿಂದ ಏನೂ ಇಲ್ಲವಾ? ಇದೆ. ಎರಡು ಲಾಭ ಇದೆ. ಒಂದು, ತುಕ್ಕು ಹಿಡಿಯುವುದಿಲ್ಲ. ಕಬ್ಬಿಣದಂಶ ಇರುವ ಹುಳಿ ಶಾಯಿಯನ್ನು ವರ್ಷಗಟ್ಟಲೆ ತುಂಬಿದರೂ ಜಗ್ಗುವುದಿಲ್ಲ. ಎರಡು, ಕೆಲವು ಚಿನ್ನದ ನಿಬ್ಬುಗಳು ಒತ್ತಿದಾಗ ಸ್ವಲ್ಪ ಬಾಗಿ ಕೊಡುತ್ತವೆ. ತುಂಬ ಹೊತ್ತು ಬರೆಯುವವರಿಗೆ ಅದು ಹಿತ. ಎಲ್ಲ ಚಿನ್ನದ ನಿಬ್ಬೂ ಹಾಗಿರುತ್ತದೆ ಅಂತಲ್ಲ. ಮೊಳೆಯಷ್ಟು ಗಟ್ಟಿಯಾದ ಚಿನ್ನದ ನಿಬ್ಬುಗಳೂ ಇವೆ. ಈ ಎರಡು ಲಾಭಕ್ಕೆ ಉಕ್ಕಿನ ನಿಬ್ಬಿನ ಹತ್ತಾರು ಪಟ್ಟು ಬೆಲೆ ಕೊಡಲು ಮನಸ್ಸಿದ್ದರೆ ಕೊಡಿ, ಅದರ ಸಂತೋಷವೇ ಬೇರೆ. ‘ಚಿನ್ನ ಹಾಕಿದರೆ ನನ್ನ ಅಕ್ಷರ ಚೆನ್ನಾಗಿ ಕಾಣುತ್ತೆ’ ಅಂತ ಮಾತ್ರ ಕೊಡಬೇಡಿ.

ಟೈಟಾನಿಯಮ್ ಬಗ್ಗೆ ನನ್ನದೇ ಒಂದು ಕಹಿ ನೆನಪಿದೆ. ಆಸೆಪಟ್ಟು ತರಿಸಿಕೊಂಡೆ. ಮೊದಲ ದಿನ ಬರೆದಾಗ ಮೆತ್ತಗೆ, ಹತ್ತಿಯ ಮೇಲೆ ನಡೆದ ಹಾಗೆ ಇತ್ತು. ನನ್ನ ಕೈ ಸ್ವಲ್ಪ ಭಾರ. ಬಾಲ್ ಪೆನ್ನಿನ ಅಭ್ಯಾಸ, ಒತ್ತಿ ಬರೆಯುತ್ತೇನೆ. ಒಂದೇ ವಾರದಲ್ಲಿ ನಿಬ್ಬಿನ ಎರಡು ಕವಲುಗಳು ಅಗಲವಾಗಿ ನಿಂತವು, ಮತ್ತೆ ಕೂಡಲಿಲ್ಲ. ಉಕ್ಕು ಬಾಗಿದರೆ ಪುಟಿದು ಹಿಂದೆ ಬರುತ್ತದೆ. ಈ ಟೈಟಾನಿಯಮ್ ನಿಬ್ಬುಗಳು ಒಂದು ಮಿತಿ ದಾಟಿದರೆ ಹಾಗೇ ಉಳಿದುಬಿಡುತ್ತವೆ. ತಪ್ಪು ನನ್ನ ಕೈಯದು. ನಿಬ್ಬಿನದಲ್ಲ. ಆದರೆ ನಿಮ್ಮಲ್ಲೂ ಒತ್ತಿ ಬರೆಯುವವರು ಜಾಸ್ತಿ ಇದ್ದೀರಿ ಅಂತ ನನಗೆ ಗೊತ್ತು. ಯಾಕೆಂದರೆ ನಾವೆಲ್ಲ ಕಾರ್ಬನ್ ಹಾಳೆ ಇಟ್ಟು ಬರೆದವರು, ಬಾಲ್ ಪೆನ್ನಿನಲ್ಲಿ ಪರೀಕ್ಷೆ ಬರೆದವರು. ಅಂಥ ಕೈಗೆ ಗಟ್ಟಿ ಉಕ್ಕೇ ವಾಸಿ.

ಈಗ ನೀವು ಬರೆದ ಕಾಗದಕ್ಕೆ ಬರೋಣ.

ನಮ್ಮ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಗೆರೆಯಿಂದ ಗೆರೆಗೆ ಸುಮಾರು 8 ಮಿಲಿಮೀಟರ್ ಜಾಗ. ನಾನು ನನ್ನ ಅಕ್ಷರವನ್ನು ಅಳೆದು ನೋಡಿದ್ದೇನೆ. ಮೇಲಿನ ಅಕ್ಷರ ಸುಮಾರು 3 ಮಿಲಿಮೀಟರ್ ಎತ್ತರ. ಒತ್ತಕ್ಷರ 2 ಮಿಲಿಮೀಟರ್. ಆ 2 ಮಿಲಿಮೀಟರಿನಲ್ಲಿ ಒತ್ತಿನ ಗೆರೆ ಸುತ್ತಿ ಬರಬೇಕು. ಮೇಲಿಂದ ಕೆಳಗೆ ಎಣಿಸಿದರೆ ಕೆಲವು ಒತ್ತುಗಳಲ್ಲಿ ಪೆನ್ನಿನ ಗೆರೆ ಮೂರು ಸಲ ಹಾದುಹೋಗುತ್ತದೆ. ಗೆರೆಯ ದಪ್ಪ 0.8 ಮಿಲಿಮೀಟರ್ ಆದರೆ ಮೂರಕ್ಕೆ 2.4. ಜಾಗವೇ ಇಲ್ಲ! ಒತ್ತು ತುಂಬಿಕೊಳ್ಳಲೇಬೇಕು. ಅದೇ 0.4 ಆದರೆ ಮೂರಕ್ಕೆ 1.2. ನಡುವೆ 0.8 ಮಿಲಿಮೀಟರ್ ಬಿಳಿ ಉಳಿಯುತ್ತದೆ. ಕಣ್ಣು ಓದುವುದು ಆ ಬಿಳಿಯನ್ನು.

ಒತ್ತು ಒಂದೇ ಅಲ್ಲ. ಕನ್ನಡದಲ್ಲಿ ಒಂದು ಚುಕ್ಕೆ, ಒಂದು ಸೀಳು ಅಕ್ಷರವನ್ನೇ ಬದಲಿಸುತ್ತದೆ. ‘ರ’ದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ‘ಠ’. ‘ದ’ದ ಕೆಳಗೆ ಸೀಳಿದರೆ ‘ಧ’, ಅದರೊಳಗೆ ಚುಕ್ಕೆ ಇಟ್ಟರೆ ‘ಥ’. ‘ಪ’ದ ಹೊಟ್ಟೆಯೊಳಗೆ ಗೆರೆ ಎಳೆದರೆ ‘ಷ’. ದಪ್ಪ ನಿಬ್ಬಿನಲ್ಲಿ ಈ ಚುಕ್ಕೆ, ಸೀಳುಗಳೇ ಮೊದಲು ಮುಳುಗುವುದು. ಬ್ರಾಡ್ ನಿಬ್ಬಿನಲ್ಲಿ ನಾನು ಬರೆದ ‘ಕಥೆ’ ಪದವನ್ನು ‘ಕಧೆ’ ಅಂತ ಓದಿದವರಿದ್ದಾರೆ. ಇಂಗ್ಲಿಷಿನಲ್ಲಿ ಇಷ್ಟು ತೊಂದರೆ ಇಲ್ಲ. ಅಲ್ಲಿ ಅಕ್ಷರ ಅಕ್ಕಪಕ್ಕ ನಿಲ್ಲುತ್ತದೆ. ಒಂದರ ಕೆಳಗೆ ಒಂದು ಜೋತುಬೀಳುವುದಿಲ್ಲ. ಹಾಗಾಗಿ ‘ಎಲ್ಲರಿಗೂ ಮೀಡಿಯಮ್ ಒಳ್ಳೆಯದು’ ಎನ್ನುವ ಸಲಹೆ ಬೇರೆ ಲಿಪಿಯವರು ಅವರ ಅನುಭವದಿಂದ ಹೇಳಿದ್ದು. ನಮಗೆ ಅದು ಹೊಂದುವುದಿಲ್ಲ. ನನ್ನ ಖಚಿತ ಅಭಿಪ್ರಾಯ ಇದು: ದಿನನಿತ್ಯದ ಕನ್ನಡ ಬರಹಕ್ಕೆ ಜರ್ಮನ್ ನಿಬ್ಬಾದರೆ ಫೈನ್, ಅಕ್ಷರ ತುಂಬ ಸಣ್ಣದಾದರೆ ಎಕ್ಸ್‌ಟ್ರಾ ಫೈನ್. ಜಪಾನಿನ ನಿಬ್ಬುಗಳು ಸಾಮಾನ್ಯವಾಗಿ ಒಂದು ದರ್ಜೆ ತೆಳು. ಅವರ ಮೀಡಿಯಮ್ ಹೆಚ್ಚುಕಡಿಮೆ ಜರ್ಮನಿಯ ಫೈನ್. ಅವರೂ ಗೆರೆ ದಟ್ಟವಾದ ಲಿಪಿ ಬರೆಯುವವರು. ಆ ಕಷ್ಟ ಅವರಿಗೆ ಗೊತ್ತು.

ಇನ್ನೊಂದು ವಿಷಯವಿದೆ. ನನಗೆ ಇದೇ ಹೆಚ್ಚು ಇಷ್ಟದ ವಿಷಯ. ನಮ್ಮ ಅಕ್ಷರ ಯಾಕೆ ಇಷ್ಟು ಗುಂಡಗಿದೆ? ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುತ್ತಿದ್ದ ಕಾಲದಲ್ಲಿ ನೇರ ಗೆರೆ ಎಳೆದರೆ ಗರಿ ನಾರಿನ ಗುಂಟ ಸೀಳಿಹೋಗುತ್ತಿತ್ತು, ಅದಕ್ಕೇ ಬಳುಕಿ ಬರೆಯುವುದು ರೂಢಿಯಾಯಿತು ಎಂದು ಹೇಳುತ್ತಾರೆ. ಕೊರೆದ ಮೇಲೆ ಮಸಿ ಸವರಿ ಒರೆಸಿದರೆ ಗೆರೆಯೊಳಗೆ ಮಸಿ ನಿಲ್ಲುತ್ತಿತ್ತು. ಹಾಗೆ ಕೊರೆದ ಗೆರೆಗೆ ದಪ್ಪ, ತೆಳು ಅಂತ ಇಲ್ಲ. ಎಲ್ಲ ಕಡೆ ಒಂದೇ. ಆಮೇಲೆ ಲೆಕ್ಕಪತ್ರಕ್ಕೆ ಕಪ್ಪು ಬಟ್ಟೆಯ ಕಡತ ಬಂತು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅಲ್ಲೂ ಗೆರೆ ಒಂದೇ ದಪ್ಪ. ಅಂದರೆ ನಮ್ಮ ಲಿಪಿ ಬೆಳೆದದ್ದೇ ಗುಂಡು ಮೊನೆಯ ಕೆಳಗೆ. ಚಪ್ಪಟೆ ಗರಿಯ ಲೇಖನಿಯ ಕೆಳಗೆ ಬೆಳೆದ ರೋಮನ್ ಅಕ್ಷರದ ದಾರಿ ಬೇರೆ.

ಬರೆಯುವಾಗ ಇದು ಹೇಗೆ ಗೊತ್ತಾಗುತ್ತದೆ ಅಂದರೆ, ‘ಆ’ ಬರೆದು ನೋಡಿ. ಪೆನ್ನು ಎಡಕ್ಕೆ ಹೋಗುತ್ತದೆ, ಕೆಳಗೆ ಇಳಿಯುತ್ತದೆ, ಬಲಕ್ಕೆ ತಿರುಗಿ ಮೇಲೇಳುತ್ತದೆ, ಒಳಗೆ ಸುತ್ತುತ್ತದೆ. ಒಂದೇ ಅಕ್ಷರದಲ್ಲಿ ನಾಲ್ಕು ದಿಕ್ಕೂ ಮುಗಿಯಿತು. ನಿಬ್ಬನ್ನು ನಮ್ಮ ಕಡೆಗೆ ಎಳೆಯುವಾಗ ಯಾವ ನಿಬ್ಬೂ ನುಣುಪಾಗೇ ಓಡುತ್ತದೆ. ಮುಂದಕ್ಕೆ ತಳ್ಳುವಾಗ, ಪಕ್ಕಕ್ಕೆ ಸರಿಸುವಾಗ ಅದರ ಬಣ್ಣ ಬಯಲಾಗುತ್ತದೆ. ಕನ್ನಡದಲ್ಲಿ ತಳ್ಳುವುದೇ ಜಾಸ್ತಿ. ಆದ್ದರಿಂದ ಅಂಗಡಿಯಲ್ಲಿ ನಿಬ್ಬು ಪರೀಕ್ಷೆ ಮಾಡುವಾಗ ಸಹಿ ಹಾಕಿ ನೋಡಿ ಬರಬೇಡಿ. ಬಹಳ ಜನ ಸಹಿ ಹಾಕುವುದು ಇಂಗ್ಲಿಷಿನಲ್ಲಿ. ಅದೂ ಹಾರಿಸಿಕೊಂಡು. ‘ಣ’, ‘ಕ್ಷ’, ‘ಜ್ಞ’, ‘ಇ’ ಬರೆಯಿರಿ. ಯಾವ ತಿರುವಿನಲ್ಲಿ ಕಾಗದ ಕಚ್ಚುತ್ತದೆ ಅಂತ ಕಿವಿಗೇ ಕೇಳುತ್ತದೆ.

ಇದೇ ಲೆಕ್ಕದಲ್ಲಿ ಫ್ಲೆಕ್ಸ್ ನಿಬ್ಬು ಕನ್ನಡಕ್ಕೆ ಅಷ್ಟು ಒಗ್ಗುವುದಿಲ್ಲ. ಒತ್ತಿದರೆ ಕವಲು ಅಗಲವಾಗಿ ದಪ್ಪ ಗೆರೆ ಬರುತ್ತದೆ ಎನ್ನುವುದು ಅದರ ಸೊಗಸು. ಆದರೆ ಒತ್ತಬಹುದಾದದ್ದು ಕೆಳಗೆ ಎಳೆಯುವ ಗೆರೆಯಲ್ಲಿ ಮಾತ್ರ. ಇಂಗ್ಲಿಷಿನ ಕೂಡು ಬರಹದಲ್ಲಿ ಅಂಥ ಉದ್ದನೆಯ ಇಳಿಗೆರೆಗಳು ಸಾಲಾಗಿ ಸಿಗುತ್ತವೆ. ಕನ್ನಡದಲ್ಲಿ ಇಳಿಯುವಷ್ಟರಲ್ಲಿ ತಿರುವು ಬಂದಿರುತ್ತದೆ. ತಿರುವಿನಲ್ಲಿ ಒತ್ತಿದರೆ ಒಂದು ಕವಲಿಗೆ ಮಾತ್ರ ಭಾರ ಬಿದ್ದು ಕಾಗದಕ್ಕೆ ಚುಚ್ಚುತ್ತದೆ. ಶೋಕಿಗೆ ಒಂದಿರಲಿ ಅಂದರೆ ಸರಿ. ದಿನದ ಪೆನ್ನಿಗೆ ಬೇಡ.

ಸ್ಟಬ್ ನಿಬ್ಬಿನ ಕಥೆ ಬೇರೆ. ಅದರ ಮೊನೆ ಗುಂಡಗಿರದೆ ಚಪ್ಪಟೆ ಇರುತ್ತದೆ. 1.1 ಮತ್ತು 1.5 ಮಿಲಿಮೀಟರ್ ಅಗಲದವು ಸುಲಭವಾಗಿ ಸಿಗುತ್ತವೆ. ಬಲಗೈಯಲ್ಲಿ ಮಾಮೂಲಿಯಾಗಿ ಓರೆ ಹಿಡಿದರೆ ಬಲಕ್ಕೆ ಮೇಲೇಳುವ ಗೆರೆ ತೆಳ್ಳಗೆ, ಎಡದಿಂದ ಬಲಕ್ಕೆ ಇಳಿಯುವ ಗೆರೆ ದಪ್ಪಗೆ ಬರುತ್ತದೆ. ತಲೆಕಟ್ಟಿನ ಕೊನೆಯಲ್ಲಿ ಮೇಲೇಳುವ ಆ ಬಾಲ ಇದೆಯಲ್ಲ, ಅದು ಕೂದಲೆಳೆಯ ಹಾಗೆ ಮೂಡುತ್ತದೆ. ನೋಡಲು ತುಂಬ ಚಂದ. ಆದರೆ ಅಕ್ಷರ ದೊಡ್ಡದಾಗಿರಬೇಕು. ಮದುವೆಯ ಶುಭಾಶಯ, ಲಕೋಟೆಯ ಮೇಲಿನ ವಿಳಾಸ, ಪುಟದ ತಲೆಬರಹ, ಇಂಥವಕ್ಕೆ ಬೆಸ್ಟ್. 8 ಮಿಲಿಮೀಟರ್ ಗೆರೆಯಲ್ಲಿ ಸ್ಟಬ್ ಹಿಡಿದು ‘ವೈಶಿಷ್ಟ್ಯ’ ಬರೆದರೆ ಏನಾಗುತ್ತದೆ ಅಂತ ಲೆಕ್ಕ ಆಗಲೇ ಹಾಕಿದ್ದೇವೆ.

ಇನ್ನು ಕೂರಿಸುವ ವಿಚಾರ. ನಿಬ್ಬಿನ ಗಾತ್ರವನ್ನು ನಂಬರ್ 5, ನಂಬರ್ 6, ಅಥವಾ 35 ಮಿಲಿಮೀಟರ್, 40 ಮಿಲಿಮೀಟರ್ ಅಂತ ಹೇಳುವುದನ್ನು ಕೇಳಿರುತ್ತೀರಿ. ಮಿಲಿಮೀಟರ್ ಲೆಕ್ಕ ನಿಬ್ಬಿನ ಉದ್ದದ್ದು. ನಮ್ಮ 35 ಮಿಲಿಮೀಟರ್ ನಿಬ್ಬು ಅಂದಾಜಿಗೆ ನಂಬರ್ 6ರ ಜೊತೆಯದು. 40 ದೊಡ್ಡ ಪೆನ್ನುಗಳಿಗೆ. ಆದರೆ ನಂಬರ್ 6 ಅಂದ ಮಾತ್ರಕ್ಕೆ ಎಲ್ಲ ಕಂಪನಿಯದೂ ಒಂದೇ ಅಲ್ಲ. ಬಾಗಿದ ರೀತಿ ಬೇರೆ, ದಪ್ಪ ಬೇರೆ. ಯೋವೊ ಮತ್ತು ಬಾಕ್ ಯೂನಿಟ್‌ಗಳು ಕಣ್ಣಿಗೆ ಅವಳಿಗಳ ಹಾಗೆ ಕಂಡರೂ ಥ್ರೆಡ್ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನಾನು ಇದನ್ನು ಕಲಿತದ್ದು ಒಂದು ಒಳ್ಳೆಯ ಪೆನ್ನು ಕಳೆದುಕೊಂಡು. ಅರ್ಧ ಸುತ್ತು ಹೋಯಿತು, ಬಿಗಿಯಾಯಿತು, ‘ಹೊಸದಲ್ವಾ, ಬಿಗಿ ಇರುತ್ತೆ’ ಅಂತ ಇನ್ನಷ್ಟು ತಿರುಗಿಸಿದೆ. ಎಬೊನೈಟ್ ಕೊನೆಗೆ ರಬ್ಬರೇ. ಒಳಗಿನ ಥ್ರೆಡ್ ಸವೆದು ಪುಡಿ ಬಂತು. ಆಮೇಲೆ ಆ ಪೆನ್ನಿಗೆ ಯಾವ ಯೂನಿಟ್ಟೂ ನಿಲ್ಲಲಿಲ್ಲ. ತಿರುಪು ಬೆರಳ ತುದಿಯಲ್ಲೇ ಸಲೀಸಾಗಿ ಓಡಬೇಕು. ಓಡದಿದ್ದರೆ ಅಲ್ಲಿಗೇ ನಿಲ್ಲಿಸಿ.

ಉದ್ದದ ನಿಬ್ಬು ಹಾಕಿದರೆ ಇನ್ನೊಂದು ಅಪಾಯ. ಕ್ಯಾಪಿನ ಒಳಗೆ ಜಾಗ ಸಾಲದೆ ಮೊನೆ ತಾಗಿ ಮಡಚಿಕೊಳ್ಳುತ್ತದೆ. ಮೊದಲ ಸಲ ಕ್ಯಾಪ್ ಹಾಕುವಾಗ ನಿಧಾನವಾಗಿ ತಿರುಗಿಸಿ. ಏನಾದರೂ ತಾಗಿದ ಹಾಗೆ ಅನಿಸಿದರೆ ಬಿಡಿ.

ಫೀಡ್ ಬಗ್ಗೆ ಜನ ಮಾತಾಡುವುದೇ ಇಲ್ಲ. ನನ್ನ ಪ್ರಕಾರ ನಿಬ್ಬಿಗಿಂತ ಅದೇ ಮುಖ್ಯ. ಶಾಯಿ ಕೆಳಗೆ ಬರುವುದು ಅದರ ಮೇಲಿನ ಸಣ್ಣ ಕಾಲುವೆಯಲ್ಲಿ. ಶಾಯಿ ಇಳಿದಷ್ಟೂ ಗಾಳಿ ಒಳಗೆ ಹೋಗಬೇಕು. ಎರಡೂ ಅಲ್ಲೇ ನಡೆಯಬೇಕು. ಎಬೊನೈಟ್ ಫೀಡಿಗೆ ಶಾಯಿ ಚೆನ್ನಾಗಿ ಅಂಟಿಕೊಂಡು ಹರಿಯುತ್ತದೆ, ಪ್ಲಾಸ್ಟಿಕ್ಕಿಗಿಂತ ಧಾರಾಳ. ನಿಬ್ಬಿನ ಹೊಟ್ಟೆಗೆ ಫೀಡ್ ಅಂಟಿಕೊಂಡೇ ಇರಬೇಕು. ನಡುವೆ ಬೆಳಕು ಕಂಡರೆ ಶಾಯಿ ಅಲ್ಲೇ ತುಂಡಾಗುತ್ತದೆ. ಎಬೊನೈಟ್ ಫೀಡ್ ಆದರೆ ಇದಕ್ಕೆ ಪರಿಹಾರ ಇದೆ. ಚೆನ್ನಾಗಿ ಕಾದ ನೀರಿನಲ್ಲಿ ನಿಬ್ಬಿನ ಮುಂಭಾಗ ಮಾತ್ರ ಸ್ವಲ್ಪ ಹೊತ್ತು ಅದ್ದಿ, ಬಟ್ಟೆ ಹಿಡಿದು ಫೀಡನ್ನು ನಿಬ್ಬಿನ ಕಡೆಗೆ ಮೆಲ್ಲಗೆ ಒತ್ತಿ, ತಣ್ಣಗಾಗುವವರೆಗೆ ಬಿಡದೆ ಹಿಡಿದರೆ ಅದು ಹಾಗೇ ಬಾಗಿ ನಿಲ್ಲುತ್ತದೆ. ಪೆನ್ನನ್ನು ಮಾತ್ರ ಬಿಸಿ ನೀರಿಗೆ ಹಾಕಬೇಡಿ. ಎಬೊನೈಟಿನ ಹೊಳಪು, ಬಣ್ಣ ಎರಡೂ ಹೋಗುತ್ತದೆ. ಬಿಸಿಲಿನಲ್ಲಿ ಇಟ್ಟರೂ ಅಷ್ಟೇ, ಕಂದು ತಿರುಗುತ್ತದೆ.

ಇದರಿಂದಲೇ ನಮ್ಮ ನಿಬ್ಬುಗಳನ್ನು ತಳ್ಳಿಹಾಕಬೇಡಿ ಅಂದದ್ದು. ಒಳ್ಳೆಯ ಎಬೊನೈಟ್ ಫೀಡಿನ ಮೇಲೆ ಸರಿಯಾಗಿ ಕೂರಿಸಿದ ಕಾನ್ಪುರದ ಫೈನ್ ನಿಬ್ಬು, ಫೀಡ್ ಹೊಂದದ ದುಬಾರಿ ನಿಬ್ಬಿಗಿಂತ ಸಾವಿರ ಪಾಲು ಮೇಲು. ತೊಂದರೆ ಇರುವುದು ಒಂದೇ ಕಡೆ. ಬಂದ ಹತ್ತರಲ್ಲಿ ಎಲ್ಲವೂ ಒಂದೇ ಥರ ಇರುವುದಿಲ್ಲ. ಕೆಲವಕ್ಕೆ ಸ್ವಲ್ಪ ಕೈಕೆಲಸ ಬೇಕು. ತೀರಾ ಅಗ್ಗದ ನಿಬ್ಬುಗಳಲ್ಲಿ ಮೊನೆಗೆ ಗಟ್ಟಿ ಗುಂಡು ಬೆಸೆಯದೆ ಉಕ್ಕನ್ನೇ ಮಡಚಿ ಬಿಟ್ಟಿರುತ್ತಾರೆ. ಅವು ಬೇಗ ಸವೆಯುತ್ತವೆ. ಅಂಥದಿದ್ದರೆ ಬದಲಿಸಲೇಬೇಕು.

ಆ ಕೈಕೆಲಸ ಏನು ಅಂತ ಕೇಳುತ್ತೀರಿ. ವಾಚ್ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವ ಮಸೂರ ಇದೆಯಲ್ಲ, ಹತ್ತು ಪಟ್ಟು ತೋರಿಸುವಂಥದ್ದು, ಅದೊಂದು ಇಟ್ಟುಕೊಳ್ಳಿ. ಮೊನೆಯನ್ನು ಎದುರಿನಿಂದ ನೋಡಿ. ಎರಡು ಕವಲೂ ಒಂದೇ ಮಟ್ಟದಲ್ಲಿ ಇರಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಕೆರೆಯುವುದು ಅದರಿಂದಲೇ. ಕೆಳಗಿನದನ್ನು ಉಗುರಿನಿಂದ ಕೂದಲೆಳೆಯಷ್ಟು ಮೇಲೆತ್ತಿ. ಮತ್ತೆ ನೋಡಿ. ಹತ್ತರಲ್ಲಿ ಎಂಟು ಸಲ ಇಷ್ಟೇ ಸಾಕಾಗಿದೆ ನನಗೆ. ಉಗುರು ಉಜ್ಜುವ ಅರದಿಂದ, ಮರಳು ಕಾಗದದಿಂದ ಮೊನೆ ಉಜ್ಜಲು ಹೋಗಬೇಡಿ. ಹೋದ ಲೋಹ ವಾಪಸ್ ಬರುವುದಿಲ್ಲ. ಅತಿಯಾಗಿ ಉಜ್ಜಿದರೆ ಸೀಳಿನ ಎರಡು ಅಂಚೂ ಒಳಗೆ ಜಾರಿ, ಶಾಯಿ ಕಾಗದಕ್ಕೆ ಮುಟ್ಟುವುದೇ ಇಲ್ಲ. ಕೈಗೆ ಬೆಣ್ಣೆಯಂತೆ ಇರುತ್ತದೆ, ಮೊದಲ ಗೆರೆ ಮಾತ್ರ ಮೂಡುವುದಿಲ್ಲ.

ಶಾಯಿ, ಕಾಗದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಲೆಯ ನೋಟ್‌ಬುಕ್ ಕಾಗದ ಹೀರುತ್ತದೆ. ಅದರ ಮೇಲೆ ಫೈನ್ ನಿಬ್ಬೂ ಮೀಡಿಯಮ್ ಆಗುತ್ತದೆ. ಹಾಗಾಗಿ ನಿಬ್ಬು ಆರಿಸುವಾಗ ನೀವು ದಿನಾ ಬಳಸುವ ಕಾಗದವನ್ನೇ ತೆಗೆದುಕೊಂಡು ಹೋಗಿ. ಅಂಗಡಿಯವರು ಕೊಡುವ ನುಣುಪು ಕಾಗದದ ಮೇಲೆ ಎಲ್ಲ ನಿಬ್ಬೂ ಚಂದವೇ.

ಇಷ್ಟಾದ ಮೇಲೆ ಬಂದ ಪ್ರಶ್ನೆಗಳು.

ಕಾಲೇಜು ಹುಡುಗನೊಬ್ಬ ಕೇಳಿದ: ‘ಸರ್, ನನ್ನ ಪೆನ್ನಿನಲ್ಲಿ ಶಾಯಿ ಕಡಿಮೆಯಾದಾಗ ದಬಕ್ಕಂತ ತೊಟ್ಟು ಬೀಳುತ್ತೆ. ನಿಬ್ಬು ಬದಲಿಸಿದರೆ ಸರಿ ಹೋಗುತ್ತಾ?’

ಇಲ್ಲಪ್ಪಾ. ಫಿಲ್ಲರಿನಿಂದ ಬ್ಯಾರೆಲ್ಲಿಗೇ, ಅಂದರೆ ಪೆನ್ನಿನ ಕೊಳವೆಗೇ ಶಾಯಿ ತುಂಬುವ ಪೆನ್ನು ಅಲ್ವಾ ನಿನ್ನದು? ಶಾಯಿ ಇಳಿದಷ್ಟೂ ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗುತ್ತದೆ, ಶಾಯಿಯನ್ನು ಹೊರಗೆ ತಳ್ಳುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿಯುವ ಮೊದಲೇ ತುಂಬಿಕೋ. ಇಲ್ಲವೇ ಕನ್ವರ್ಟರ್, ಅಂದರೆ ಶಾಯಿ ಎಳೆದುಕೊಂಡು ಇಟ್ಟುಕೊಳ್ಳುವ ಸಣ್ಣ ಕೊಳವೆ, ಹಾಕುವಂಥ ಸೆಕ್ಷನ್ ಮಾಡಿಸಿಕೋ. ಶಾಯಿ ಕಡಿಮೆ ಹಿಡಿಸುತ್ತದೆ, ಆದರೆ ತೊಟ್ಟಿಕ್ಕುವ ಕಾಟ ಇರುವುದಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರು ತಂದೆಯ ಕಾಲದ ರಾಜಮಂಡ್ರಿ ಪೆನ್ನು ತಂದಿದ್ದರು. ‘ಬಿಟ್ಟು ಬಿಟ್ಟು ಬರೀತಿದೆ. ಹೊಸ ಜರ್ಮನ್ ನಿಬ್ಬು ಹಾಕಿಸಲಾ?’ ಅಂದರು. ಬೇಡ ಅಮ್ಮ, ಮೊದಲು ತೊಳೆಯೋಣ ಅಂದೆ. ಅಡುಗೆಮನೆಯಿಂದ ಸ್ಟೀಲ್ ಲೋಟದಲ್ಲಿ ತಣ್ಣೀರು ತಂದು ನಿಬ್ಬಿನ ಭಾಗವನ್ನು ಅದ್ದಿಟ್ಟೆವು. ಮಾತು ನಡೆಯುತ್ತಿದ್ದಾಗ ನಾಲ್ಕು ಸಲ ನೀರು ಬದಲಿಸಿದೆವು. ನಾಲ್ಕು ಸಲವೂ ನೀಲಿ ಬಂತು. ವರ್ಷಾನುಗಟ್ಟಲೆ ಒಣಗಿ ಕೂತ ಶಾಯಿ. ಅದು ಪೂರ್ತಿ ಬಿಡಲು ಒಂದು ರಾತ್ರಿಯಾದರೂ ಬೇಕು. ಆ ನಿಬ್ಬಿನ ಮೊನೆ ಅವರ ತಂದೆಯ ಕೈಗೆ ಸವೆದು ಕೂತಿದೆ. ಒಂದು ಓರೆಯಲ್ಲಿ ಹಿಡಿದರೆ ನುಣುಪು, ಇನ್ನೊಂದು ಓರೆಯಲ್ಲಿ ಕೆರೆತ. ಮಸೂರದಲ್ಲಿ ಅವರಿಗೇ ತೋರಿಸಿದೆ. ನಿಬ್ಬು ಬದಲಿಸಲೇಬೇಕು ಅಂತಾದರೂ ಹಳೆಯದನ್ನು ಎಸೆಯಬೇಡಿ, ಡಬ್ಬಿಯಲ್ಲಿ ಇಟ್ಟಿರಿ ಅಂತ ಹೇಳಿದೆ.

ಕೊನೆಗೆ ಯಾರೋ ಕೇಳಿದರು, ನಿಮ್ಮ ಜೇಬಿನಲ್ಲಿ ಇರುವುದು ಯಾವುದು ಅಂತ.

ತಿರುವಳ್ಳೂರಿನ ಕಂದು ಎಬೊನೈಟ್ ಪೆನ್ನು. ನಂಬರ್ 6 ಯೋವೊ ಉಕ್ಕಿನ ನಿಬ್ಬು, ಫೈನ್. ಮೇಲಿದ್ದ ಚಿನ್ನದ ಲೇಪ ಅಲ್ಲಲ್ಲಿ ಹೋಗಿದೆ. ಬ್ಯಾರೆಲ್ ತುಂಬ ನೀಲಿ ಶಾಯಿ. ಇಗೋ, ಇದನ್ನೇ ಕೈಯಿಂದ ಕೈಗೆ ಕೊಡುತ್ತೇನೆ. ಮೊದಲು ಬರೆದ ಕಾಗದದಲ್ಲೇ, ಅದೇ ನಾಲ್ಕು ಪದಗಳ ಕೆಳಗೆ, ಇದರಲ್ಲೂ ಒಮ್ಮೆ ಬರೆದು ನೋಡಿ. ಒತ್ತಬೇಡಿ, ಅಷ್ಟೇ.